ದ್ಯಾವ ಹಾಕಿದ ಗುರುತು

ಹತ್ತಿರ ಬನ್ನಿ. ನಗೋ ಅಭ್ಯಾಸ ಇರೋರು ಮುಂದೆ ಕೂತ್ಕೊಳ್ಳಿ, ಹೆದರೋ ಅಭ್ಯಾಸ ಇರೋರು ನಡುವೆ ಕೂತ್ಕೊಳ್ಳಿ. ಈ ಕತೆ ಇಬ್ಬರಿಗೂ ಸಲ್ಲುತ್ತೆ.

ಹಾಲಗೊಂದಿ ಅಂತ ಒಂದೂರು. ಆ ಊರಲ್ಲಿ ಮಡಿವಾಳರ ಸಣ್ಣೀರವ್ವ ಅಂತ ಒಬ್ಬಳು. ಗಂಡ ಯಾವಾಗಲೋ ತೀರಿಹೋಗಿದ್ದ. ಇದ್ದೋನು ಒಬ್ಬನೇ ಮಗ, ದ್ಯಾವ. ಆಳೆತ್ತರ ಬೆಳೆದಿದ್ದ, ಮೀಸೆ ಬಂದಿತ್ತು, ರಟ್ಟೇಲಿ ಎತ್ತಿನ ಬಲ ಇತ್ತು. ಬುದ್ಧಿ ಮಾತ್ರ ಬಂದಿರಲಿಲ್ಲ. ಹೇಳಿದ ಮಾತನ್ನ ಹೇಳಿದ ಹಾಗೇ ಮಾಡೋನು. ಕೂದಲೆಳೆಯಷ್ಟು ಹೆಚ್ಚಿಲ್ಲ, ಕೂದಲೆಳೆಯಷ್ಟು ಕಮ್ಮಿ ಇಲ್ಲ. "ಒಲೆ ನೋಡ್ಕೊಳ್ಳೋ" ಅಂದ್ರೆ, ಉರಿ ಆರಿ ಬೂದಿಯಾಗಿ ತಣ್ಣಗಾಗೋವರೆಗೂ ಅದನ್ನೇ ನೋಡ್ತಾ ಕೂತಿರೋನು. "ನೋಡ್ದೆ ಕಣವ್ವ, ಚೆನ್ನಾಗಿ ನೋಡ್ದೆ" ಅನ್ನೋನು.

"ಯಾವ ಜನ್ಮದ ಪಾಪವೋ, ನೀನು ನನ್ನ ಹೊಟ್ಟೇಲಿ ಹುಟ್ಟಿದೆ!" ಅಂತ ಸಣ್ಣೀರವ್ವ ಹಣೆ ಹಣೆ ಬಡ್ಕೊಳ್ಳೋಳು.

ಬಡ್ಕೊಂಡು ಸುಮ್ಮನಾಗೋ ಹಾಗಿದ್ರೆ ಸುಮ್ಮನಾಗ್ತಿದ್ದಳು. ಆದರೆ ಅವಳ ಕಣ್ಣು ಮಂಜಾಗ್ತಾ ಬಂತು. ಮೊದಮೊದಲು ಬಟ್ಟೆ ಬೇಯಿಸೋ ಉಬ್ಬೆಯ ಹೊಗೆ ಅಂದ್ಕೊಂಡಳು. ಹೊಗೆ ಅಲ್ಲ, ಪೊರೆ. ಬೆಳಕು ಯಾವುದು ನೆರಳು ಯಾವುದು ಅನ್ನೋದಷ್ಟೇ ಉಳೀತು. ಬಟ್ಟೆ ಒಗೆಯೋಕೆ ಕಣ್ಣು ಬೇಕಿಲ್ಲ, ಕೈಗೆ ಗೊತ್ತು. ಒಗೆದ ಬಟ್ಟೇನ ಯಾರ ಮನೆಗೆ ಕೊಡಬೇಕು ಅನ್ನೋದಕ್ಕೆ ಕಣ್ಣೇ ಬೇಕು.

ಯಾಕಂದ್ರೆ ಸಣ್ಣೀರವ್ವನಿಗೆ ಅಕ್ಷರ ಬರ್ತಿರಲಿಲ್ಲ, ಆದರೆ ಊರಿಗೆ ಊರೇ ಅವಳ ತಲೇಲಿ ಗುರುತಾಗಿ ಕೂತಿತ್ತು. ಕರಿಗೇರು ಕಾಯಿಗೆ ಸೂಜಿ ಚುಚ್ಚಿದರೆ ಕಪ್ಪು ಹಾಲು ಬರುತ್ತಲ್ಲ, ಅದರಲ್ಲಿ ಬಟ್ಟೆಯ ಅಂಚಿಗೆ ಸಣ್ಣದೊಂದು ಗುರುತು. ಗೌಡರ ಮನೆಗೆ ಮೂರು ಚುಕ್ಕಿ. ಗಾಣದೋರ ಮನೆಗೆ ಕಾಗೆ ಕಾಲು. ಪೂಜಾರರ ಮನೆಗೆ ಒಂದು ಅಡ್ಡಗೀಟು, ಅವರಿಂದ ಪಾಲಾಗಿ ಹೋದ ತಮ್ಮನ ಮನೆಗೆ ಅದೇ ಗೀಟಿನ ಕೆಳಗೆ ಇನ್ನೊಂದು ಮರಿ ಗೀಟು. ಮನೆ ಒಡೆದರೆ ಗುರುತೂ ಮರಿ ಹಾಕೋದು. ಆ ಕಪ್ಪು ಉಬ್ಬೇಲಿ ಬೇಯಿಸಿದರೂ ಹೋಗದು, ಕಲ್ಲಿಗೆ ಕುಕ್ಕಿದರೂ ಹೋಗದು. ಉಟ್ಟೋರು ಹೋದರೂ ಗುರುತು ಹೋಗದು.

ಒಂದು ದಿನ ಸಣ್ಣೀರವ್ವ ಮಗನ್ನ ಕೂರಿಸಿಕೊಂಡು ಎಲ್ಲ ಗುರುತೂ ಬಾಯಿಪಾಠ ಮಾಡಿಸಿದಳು. ಆಮೇಲೆ ಗೌಡರ ಮನೆ ಗಂಟು ಅವನ ತಲೆ ಮೇಲಿಟ್ಟಳು.

"ನೋಡು ಮಗ, ಗುರುತೇ ಮನೆ. ಗುರುತು ನೋಡಿ ಕೊಡು. ಮುಖ ನೋಡಬೇಡ! ಮುಖ ನೋಡಿದ್ರೆ ನಕ್ಕೋರಿಗೆಲ್ಲ ಕೊಟ್ಟು ಬರ್ತೀಯ ನೀನು."

"ಗುರುತು ನೋಡ್ಬೇಕು, ಮುಖ ನೋಡ್ಬಾರದು. ಆಯ್ತು ಕಣವ್ವ."

ಹೋದ. ಗೌಡರ ಮನೆ ಮುಂದೆ ನಿಂತ. ಗೋಡೆ ನೋಡಿದ, ಬಾಗಿಲು ನೋಡಿದ, ಸುತ್ತಿ ಹೋಗಿ ಕೊಟ್ಟಿಗೆ ಗೋಡೆಯನ್ನೂ ನೋಡಿದ. ಎಲ್ಲೂ ಮೂರು ಚುಕ್ಕಿ ಇಲ್ಲ! ಗುರುತೇ ಇಲ್ಲದ ಮೇಲೆ ಇದು ಗೌಡರ ಮನೆ ಹೆಂಗಾದೀತು? ಮುಂದೆ ಹೋದ. ಶೆಟ್ಟರ ಅಂಗಡಿ ಸಿಕ್ಕಿತು. ಅಂಗಡಿ ಮೂಲೇಲಿ ಸುಲಿದ ತೆಂಗಿನಕಾಯಿ ಸಾಲಾಗಿ ಜೋಡಿಸಿದ್ರು. ಒಂದೊಂದರ ನೆತ್ತೀಲೂ ಮೂರು ಕಪ್ಪು ಚುಕ್ಕಿ!

"ಗೌಡ್ರೇ! ಇಲ್ಲಿದ್ದೀರಾ!" ಅಂದ ದ್ಯಾವ.

ಒಂದು ಕಾಯಿಗೆ ರುಮಾಲು ಸುತ್ತಿದ. ಒಂದು ಕಾಯಿಗೆ ಅಂಗಿ ತೊಡಿಸಿದ. ಉಳಿದವಕ್ಕೆ ಪಂಚೆ ಹೊದಿಸಿ, ಕೈ ಮುಗಿದು ಬಂದ.

ಮಧ್ಯಾಹ್ನ ಮಲಗಿ ಎದ್ದು ಬಂದ ಶೆಟ್ಟರ ಮುದುಕಿ ನೋಡ್ತಾಳೆ, ಮೂಲೇಲಿ ಕುಳ್ಳಕುಳ್ಳನ ಮಂದಿ ರುಮಾಲು ಸುತ್ತಿ ಕೂತು, ಕಣ್ಣು ಬಿಟ್ಟು ತನ್ನನ್ನೇ ದುರುಗುಟ್ಟಿ ನೋಡ್ತಿದಾರೆ. ಕೂತಿದಾರೆ, ಮಾತಾಡ್ತಿಲ್ಲ. ಮುದುಕಿ ಕಿಟಾರನೆ ಕಿರುಚಿ ಅಲ್ಲೇ ಬಿದ್ದಳು. ಆಮೇಲೆ ಅವಳು ಬದುಕಿರೋವರೆಗೂ ಆ ಮೂಲೆ ಕಡೆ ಬೆನ್ನು ಹಾಕಿ ಮಲಗಲಿಲ್ಲವಂತೆ.

ಸಣ್ಣೀರವ್ವ ಹಣೆ ಹಣೆ ಬಡ್ಕೊಂಡಳು. "ಅಯ್ಯೋ ಮಂಕೇ! ಗುರುತು ಇರೋದು ಬಟ್ಟೆ ಮೇಲೆ ಕಣೋ, ಮನೆ ಮೇಲಲ್ಲ! ಚುಕ್ಕಿ ನೋಡಿದ್ರೆ ಗೌಡರ ನೆನಪು ಬರಬೇಕು, ಅಷ್ಟೆ! ಗೌಡರ ಮನೆ ಹತ್ರ ಹೋಗಿ 'ಗೌಡ್ರೇ' ಅಂತ ಕೂಗು. ಯಾರು 'ಓ' ಅಂತಾರೋ ಅವರಿಗೆ ಕೊಡು!"

"ಓ ಅಂದೋರಿಗೆ ಕೊಡ್ಬೇಕು. ಆಯ್ತು ಕಣವ್ವ."

ಮಾರನೇ ವಾರ ಮತ್ತೆ ಗಂಟು ಹೊತ್ತು ಹೋದ. ಗೌಡರ ಮನೆ ಬಾಗಿಲಲ್ಲಿ ಕೂಗಿದ. ಮನೆಯೋರೆಲ್ಲ ಹೊಲಕ್ಕೆ ಹೋಗಿದ್ರು, ಯಾರೂ ಓ ಅನ್ನಲಿಲ್ಲ. ಹಿತ್ತಿಲಿಗೆ ಹೋಗಿ ಕೂಗಿದ. ಓ ಅನ್ನಲಿಲ್ಲ. ಹಿತ್ತಿಲಲ್ಲೊಂದು ಹಳೇ ಬಾವಿ. ಬಗ್ಗಿ ಕೂಗಿದ.

"ಗೌಡ್ರೋ!"

"ಓ..." ಅಂತು ಬಾವಿ.

"ತಗೊಳ್ಳಿ ಗೌಡ್ರೇ!" ಅಂತ ಬಟ್ಟೇನ ಒಂದೊಂದಾಗಿ ಒಳಗೆ ಬಿಟ್ಟ. ಕೈ ಝಾಡಿಸ್ಕೊಂಡು ಮನೆಗೆ ಬಂದ.

ನೀರಿಗೆ ಬಂದ ಹೆಂಗಸರು ಬಗ್ಗಿ ನೋಡಿದ್ರೆ, ಬಾವೀಲಿ ಒಂದು ಬಿಳೀ ಅಂಗಿ ಗಾಳಿ ತುಂಬ್ಕೊಂಡು, ಎರಡೂ ತೋಳು ಚಾಚ್ಕೊಂಡು, ಬೋರಲು ತೇಲ್ತಿದೆ. ಪಕ್ಕದಲ್ಲಿ ಒಂದು ಸೀರೆ ಅಗಲಕ್ಕೆ ಹರಡಿದೆ. ಹೋ ಅಂತ ಕೂಗಿದ್ರು. ಊರೆಲ್ಲ ಸೇರಿತು. ಹಗ್ಗ ತಂದ್ರು, ಅಳೋರು ಅತ್ತರು. ಗೌಡರೂ ಹೊಲದಿಂದ ಓಡಿಬಂದು ಬಗ್ಗಿ ನೋಡಿದ್ರು. ತಮ್ಮದೇ ಅಂಗಿ! ತಮ್ಮದೇ ಪಂಚೆ! ಒಂದು ಗಳಿಗೆ ತಾವು ಬದುಕಿದ್ದೀವೋ ಸತ್ತಿದ್ದೀವೋ ಅಂತ ಅವರಿಗೇ ಗೊತ್ತಾಗಲಿಲ್ಲವಂತೆ. ಎದೆ ಮುಟ್ಟಿ ನೋಡ್ಕೊಂಡ್ರು.

"ಸಣ್ಣೀರವ್ವಾ, ಇನ್ನೊಂದು ಸಲ ಹಿಂಗಾದ್ರೆ ಪಕ್ಕದೂರಿನೋರಿಗೆ ಬಟ್ಟೆ ಕೊಡ್ತೀವಿ. ನಿನ್ನ ಮಗನ್ನ ನೀನೇ ಇಟ್ಕೋ!" ಅಂದ್ರು ಗೌಡರು.

ಅವರ ಸೊಸೆ ಸಾವಂತ್ರವ್ವ, ತುಂಬಿದ ಬಸುರಿ, ಅಡ್ಡ ಬಂದಳು. "ಮಾವಾರೇ, ಹೋಗ್ಲಿ ಬಿಡಿ. ಕಣ್ಣು ಕಾಣದ ಹೆಂಗಸು, ಎಲ್ಲಿಗೆ ಹೋಗ್ತಾಳೆ? ದ್ಯಾವಣ್ಣ ಕೆಟ್ಟೋನಲ್ಲ." ಊರಲ್ಲಿ ಅವನನ್ನ ಅಣ್ಣ ಅಂತ ಕರೀತಿದ್ದದ್ದು ಅವಳೊಬ್ಬಳೇ.

ಸಣ್ಣೀರವ್ವ ಒದ್ದೆ ಗಂಟು ಹೊತ್ತು ಮನೆಗೆ ಬಂದಳು. ಗೌಡರ ಬಟ್ಟೇನೆಲ್ಲ ಇನ್ನೊಂದು ಸಲ ಒಗೆದು ಹಗ್ಗಕ್ಕೆ ಹಾಕಿದಳು. ಆಮೇಲೆ ಹಣೆ ಹಣೆ ಬಡ್ಕೊಂಡಳು.

"ದನಿಗೆ ಕೊಡ್ತಾರೇನೋ ಬಟ್ಟೇನ? ಕೈಗೆ ಕೊಡ್ಬೇಕು! ಹೆಸರು ಕೂಗು. ಓ ಅಂದಮೇಲೆ ಕೈ ಚಾಚ್ತಾರಲ್ಲ, ಆ ಕೈಗೆ ಕೊಡು. ಅವರು ಕೊಳೆ ಬಟ್ಟೆ ಕೊಟ್ರೆ ಇಸ್ಕೊಂಡು ಬಾ. ಮನೇಲಿರೋದೆಲ್ಲ ನಾಳೆ ಕೊಟ್ಟು ಮುಗಿಸು. ಗುರುತಿರೋ ಒಂದು ಚಿಂದೀನೂ ನಮ್ಮನೇಲಿ ಉಳೀಬಾರದು!"

"ಒಂದು ಚಿಂದೀನೂ ಉಳೀಬಾರದು. ಆಯ್ತು ಕಣವ್ವ."

ಬೆಳಗಾಯಿತು. ಸಣ್ಣೀರವ್ವ ಹೊರಗೆ ಉಬ್ಬೆ ಒಲೆಗೆ ಸೌದೆ ಒಟ್ಟಿ ಊದ್ತಾ ಕೂತಳು. 'ಮನೇಲಿರೋದೆಲ್ಲ' ಅಂದಿದ್ದಳಲ್ಲ, ದ್ಯಾವ ಹೊರಗೆ ಹಗ್ಗದ ಮೇಲಿದ್ದದ್ದು ಬಿಟ್ಟು ಒಳಗೆ ಹುಡುಕಿದ. ಮಂಚದ ಕೆಳಗೆ ಹುಡುಕಿದ, ಗಡಿಗೆ ಸಂದೀಲಿ ಹುಡುಕಿದ, ಕೊನೆಗೆ ಅಟ್ಟ ಹತ್ತಿದ. ಅಟ್ಟದ ಮೂಲೇಲಿ, ಧೂಳಿನ ಕೆಳಗೆ, ಒಂದು ಹಳೇ ಗಂಟು. ಕಟ್ಟಿದ್ದ ದಾರ ಮುಟ್ಟಿದ ಕೂಡಲೇ ಪುಡಿಪುಡಿ ಆಯಿತು. ಒಂದು ಸೀರೆಯ ಅಂಚು ಬೆಳಕಿಗೆ ಹಿಡಿದು ನೋಡಿದ. ದುಂಡಗೆ, ಒಳಗೆ ಏನೂ ಇಲ್ಲದ ಸುನ್ನೆ.

"ಅವ್ವಾ, ಸುನ್ನೆ ಯಾರ ಮನೇದು?"

ಹೊಗೇಲಿ ಕೆಮ್ಮುತ್ತಾ ಕೂತಿದ್ದ ಸಣ್ಣೀರವ್ವನ ಬಾಯಿ ತಾನಾಗಿ ಹೇಳಿಬಿಟ್ಟಿತು. "ಹಳ್ಳದಾಚೆ ಅಂಕಮ್ಮನ ಮನೇದು ಕಣೋ."

ದ್ಯಾವ ಗಂಟು ಕಟ್ಟೋಕೆ ಏನು ಸಿಗುತ್ತೆ ಅಂತ ನೋಡಿದ. ಹಗ್ಗದ ಮೇಲೆ ಒಂದು ಹಸಿರು ಸೀರೆ ಒಣಗಿತ್ತು. ಅದರಲ್ಲೇ ಬಿಗಿಯಾಗಿ ಕಟ್ಟಿ, ತಲೆ ಮೇಲೆ ಹೊತ್ತು ಹಳ್ಳದ ಕಡೆ ನಡೆದ.

ಉಬ್ಬೆ ಕುದಿ ಬಂತು. ಸಣ್ಣೀರವ್ವ ಸೌದೆ ಹಿಂದಕ್ಕೆ ಎಳೆದಳು. ಆಗ ತಾನು ಏನು ಹೇಳಿದೆ ಅನ್ನೋದು ಅವಳ ಕಿವಿಗೇ ಬಿತ್ತು.

ಅಂಕಮ್ಮನ ಮನೆ ಎಲ್ಲಿದೆ? ದ್ಯಾವ ಹುಟ್ಟೋಕೆ ಮುಂಚೆ ವಾಂತಿಭೇದಿ ಬಂದ ವರ್ಷ ಆ ಮನೇಲಿ ದೀಪ ಹಚ್ಚೋಕೆ ಒಬ್ಬರೂ ಉಳೀಲಿಲ್ಲ. ದೊಡ್ಡೋರು ಹೋದ್ರು, ಎಳೇವೂ ಹೋದವು. ಒಗೆಯೋಕೆ ಕೊಟ್ಟಿದ್ದ ಬಟ್ಟೆ ಸಣ್ಣೀರವ್ವನ ಹತ್ರವೇ ಉಳಿದುಹೋಯಿತು. ಅವಳು ಉಡೋ ಹಾಗಿಲ್ಲ, ಸುಡೋಕೆ ಕೈ ಬರಲಿಲ್ಲ, ಕೊಡೋಣ ಅಂದ್ರೆ ಜನ ಇಲ್ಲ. ಅಟ್ಟದ ಮೇಲಿಟ್ಟು ಮರೆತಿದ್ದಳು. ಹಳ್ಳದಾಚೆ ಈಗ ಮೊಂಡು ಗೋಡೆ, ಕಳ್ಳಿ ಪೊದೆ, ಅಷ್ಟೆ.

ಮಟಮಟ ಮಧ್ಯಾಹ್ನ. ನಾಯಿ ಕೂಡ ಬೊಗಳದ ಹೊತ್ತು. ದ್ಯಾವ ಶಿಳ್ಳೆ ಹಾಕ್ತಾ ಬಂದ. ತಲೆ ಮೇಲೆ ಇನ್ನೊಂದು ಗಂಟು.

"ಎಲ್ಲಿಗೆ ಹೋಗಿದ್ದೆಯೋ?"

"ಅಂಕಮ್ಮನ ಮನೆಗೆ."

"ಅಲ್ಲಿ ಯಾರಿದ್ರೋ?"

"ಅಂಕಮ್ಮಾ ಅಂತ ಕೂಗ್ದೆ. ಓ ಅಂದ್ರು. ಕೈ ಚಾಚಿದ್ರು. ಕೈಗೇ ಕೊಟ್ಟೆ ಕಣವ್ವ, ಬಾವಿಗೆ ಹಾಕಲಿಲ್ಲ!"

"ಮುಖ ಹೆಂಗಿತ್ತೋ?"

"ಮುಖ ನೋಡಬೇಡ ಅಂದಿದ್ಯಲ್ಲ! ನೋಡಲಿಲ್ಲ."

ಸಣ್ಣೀರವ್ವ ಮಗನ ಹತ್ತಿರ ಸರಿದಳು. "ಕೈ... ಕೈ ಹೆಂಗಿತ್ತೋ?"

"ತಣ್ಣಗಿತ್ತು. ಬಿಸಿಲಲ್ಲಿ ಹಾಯಾಯ್ತು. ಬಾಗಿಲಿಲ್ಲ ಕಣವ್ವ ಆ ಮನೆಗೆ, ಗೋಡೆ ಸಂದೀಲಿ ಚಾಚಿದ್ರು. 'ಬಹಳ ತಡ ಮಾಡಿದ್ರಿ' ಅಂದ್ರು. ಕೊಳೆ ಬಟ್ಟೆ ಕೊಟ್ರು. ಇಸ್ಕೊಂಡು ಬಂದೆ."

ಅವಳು ಗಂಟು ಬಿಚ್ಚಿ ಮುಟ್ಟಿ ನೋಡಿದಳು. ಬಟ್ಟೆಗೆ ಬೆವರಿನ ವಾಸನೆ ಇಲ್ಲ, ಹೊಗೆಯ ವಾಸನೆ ಇಲ್ಲ. ಅಗೆದ ಮಣ್ಣಿನ ವಾಸನೆ. ಅಂಥ ಬಿಸಿಲಲ್ಲೂ ತಂಪು ತಂಪು. ಕೈಗೆ ಒಂದು ಸೀರೆ ಸಿಕ್ಕಿತು, ಒಂದು ಪಂಚೆ ಸಿಕ್ಕಿತು. ಆಮೇಲೆ ಪುಟ್ಟದೊಂದು ಕುಲಾವಿ ಸಿಕ್ಕಿತು, ಎಳೇ ಕೂಸಿನದು. ಕೈ ಹಿಂದಕ್ಕೆ ಎಳ್ಕೊಂಡಳು.

"ಗುರುತು ಏನಿದೆ ನೋಡೋ."

"ಸುನ್ನೆ. ಇದಕ್ಕೂ ಸುನ್ನೆ. ಇದಕ್ಕೂ ಸುನ್ನೆ. ಈ ಕುಲಾವಿಗೂ ಸಣ್ಣ ಸುನ್ನೆ."

ಏನು ಮಾಡ್ತಾಳೆ? ಮನೇಲಿ ಇಟ್ಕೊಳ್ಳೋ ಹಾಗಿಲ್ಲ. ಒಗೆಯದೆ ವಾಪಸ್ ಕೊಟ್ರೆ ಕೇಳ್ಕೊಂಡು ಬಂದಾರು. ಮಾರನೇ ದಿನ ಹೊತ್ತು ನೆತ್ತಿಗೆ ಬರೋವಾಗ ಹಳ್ಳಕ್ಕೆ ಹೋಗಿ ಒಗೆಯೋಕೆ ನಿಂತಳು. ಬಟ್ಟೇನ ಎತ್ತಿ ಕಲ್ಲಿಗೆ ಕುಕ್ಕಿದಳು. ಧಪ್. ಆಚೆ ದಡದಿಂದ, ಸ್ವಲ್ಪ ತಡವಾಗಿ, ಧಪ್. ಇವಳು ನಿಲ್ಲಿಸಿದಳು. ಆಚೆ ದಡದಲ್ಲಿ ಇನ್ನೊಂದು ಸಲ, ಧಪ್. ಆ ಹಳ್ಳದಲ್ಲಿ ಒಂದು ಆಯುಸ್ಸು ಬಟ್ಟೆ ಒಗೆದೋಳು ಸಣ್ಣೀರವ್ವ. ಅಲ್ಲಿ ಯಾವತ್ತೂ ಮಾರ್ದನಿ ಇರಲಿಲ್ಲ.

ಹೆಂಗೋ ಹಿಂಡಿ, ಬಂಡೆ ಮೇಲೆ ಒಣಗಿಸಿ, ಮಗನ ಕೈಗೆ ಕೊಟ್ಟಳು.

"ಕೇಳೋ, ಪೆದ್ದೇ. ಇದನ್ನ ಕೊಡು. 'ಇದೇ ಕೊನೆ' ಅನ್ನು. ಏನು ಕೊಟ್ರೂ ಇಸ್ಕೋಬೇಡ. ಕೊಟ್ಟಮೇಲೆ ಯಾರು ಕರೆದ್ರೂ ತಿರುಗಬೇಡ! ನೆಟ್ಟಗೆ ನಡ್ಕೊಂಡು ಬಾ!"

"ತಿರುಗಬಾರದು. ನೆಟ್ಟಗೆ ನಡೀಬೇಕು. ಆಯ್ತು ಕಣವ್ವ."

ಅವನು ಅತ್ತ ಹೋದ, ಇವಳು ತಡವರಿಸ್ಕೊಂಡು ಮನೆಗೆ ಬಂದಳು. ಬಂದು ಕೂರೋಕೂ ಇಲ್ಲ, ಗೌಡರ ಮನೆ ಕೆಲಸದ ಬಸಕ್ಕ ಏದುಸಿರು ಬಿಡ್ತಾ ಬಂದಳು.

"ಸಣ್ಣೀರಕ್ಕಾ, ನಮ್ಮ ಸಾವಂತ್ರವ್ವಾರ ಹಸಿರು ಸೀರೆ ಎಲ್ಲಿ? ಅದನ್ನೇ ಕೇಳ್ತಿದಾರೆ. ನಿನ್ನೆ ಮಧ್ಯಾಹ್ನದಿಂದ ಮೈ ತಣ್ಣಗಾಗಿದೆ ಕಣಕ್ಕ. ಜ್ವರ ಅಲ್ಲ, ಚಳಿ ಅಲ್ಲ. ಇರೋ ಕಂಬಳಿ ಎಲ್ಲ ಹೊದಿಸಿದ್ರೂ ಮಂಜುಗಡ್ಡೆ. 'ಯಾರೋ ನನ್ನ ಸೆರಗು ಹಿಡಿದು ಎಳೀತಿದಾರೆ, ಬಿಡ್ಸಿ' ಅಂತ ಕೂಗ್ತಾರೆ. ಸೂಲಗಿತ್ತಿ ಹೊಟ್ಟೆ ಮುಟ್ಟಿ ನೋಡಿ, ಕೂಸು ಅಲ್ಲಾಡ್ತಿಲ್ಲ ಅಂದಳು."

ಸಣ್ಣೀರವ್ವ ಹಗ್ಗದುದ್ದಕ್ಕೂ ಕೈಯಾಡಿಸಿದಳು. ಗೌಡರ ಅಂಗಿ ಇದೆ, ಪಂಚೆ ಇದೆ. ಸೀರೆ ಇಲ್ಲ.

"ಹುಡುಕಿ ಕಳಿಸ್ತೀನಿ, ನೀನು ನಡಿ" ಅಂದಳು.

ದ್ಯಾವ ಬರಲಿಲ್ಲ. ಬಿಸಿಲು ಜರುಗಿತು, ಬರಲಿಲ್ಲ. ದನ ಮನೆಗೆ ತಿರುಗಿದವು, ಬರಲಿಲ್ಲ. ಕೊನೆಗೆ ಬಂದ, ಹಳ್ಳದ ಕಡೆಯಿಂದಲ್ಲ, ಊರಿನ ಇನ್ನೊಂದು ದಿಕ್ಕಿನಿಂದ, ಮೈಯೆಲ್ಲ ಮುಳ್ಳು ತರಚಿ.

"ಎಲ್ಲಿ ಹಾಳಾಗಿ ಹೋಗಿದ್ದೆಯೋ?"

"ತಿರುಗಬೇಡ ಅಂದ್ಯಲ್ಲವ್ವಾ! ತಿರುಗದೆ ಮನೆಗೆ ಹೆಂಗೆ ಬರ್ಲಿ? ನೆಟ್ಟಗೆ ನಡೀತಾ ಹೋದೆ. ಅವರ ಮನೆ ಒಳಕ್ಕೆ ಹೋದೆ, ಹಿತ್ತಿಲಿಂದ ಈಚೆಗೆ ಬಂದೆ, ಗುಡ್ಡ ಹತ್ತಿ ಇಳಿದೆ, ಆ ಕಡೆ ಹಳ್ಳಿ ದಾಟಿದೆ. ಒಬ್ಬ ಗಾಡಿಯೋನು ಪಾಪ ಅಂತ ಕೂರಿಸ್ಕೊಂಡ. ಗಾಡಿ ತಿರುಗಿತು, ನಾನು ತಿರುಗಲಿಲ್ಲ!"

"ಮನೆ ಒಳಕ್ಕೆ ಹೋದೆಯಾ?" ಸಣ್ಣೀರವ್ವ ಪಿಸುಗುಟ್ಟಿದಳು. "ಒಳಗೆ ಏನಿತ್ತೋ?"

"ಎಲ್ಲರೂ ಗೋಡೆಗೆ ಒರಗಿ ಸಾಲಾಗಿ ಕೂತಿದ್ರು. ಊಟಕ್ಕೆ ಕೂತಿರೋ ಹಂಗೆ, ಎಲೆ ಮಾತ್ರ ಇಲ್ಲ. ಮುಖ ನೋಡಲಿಲ್ಲ. ಗುರುತು ನೋಡ್ದೆ. ಎಲ್ಲರಿಗೂ ಸುನ್ನೆ, ಸುನ್ನೆ, ಸುನ್ನೆ. ಕೊನೇಲಿ ಒಬ್ಬಳು ಹಸಿರು ಸೀರೆ ಉಟ್ಟಿದ್ದಳು. ಅವಳ ಸೆರಗಿಗೆ ಮೂರು ಚುಕ್ಕಿ. ಎಲ್ಲರೂ ಆ ಚುಕ್ಕಿ ಮೇಲೆ ಬೆರಳಾಡಿಸ್ತಿದ್ರು. 'ಇದು ಯಾವ ಮನೆ? ಇದು ಯಾವ ಮನೆ?' ಅಂತ ಒಬ್ಬರನ್ನೊಬ್ಬರು ಕೇಳ್ಕೊತಿದ್ರು."

"ನೀನು ಹೇಳಿದೆಯೇನೋ?"

"ನಿಲ್ಲಬಾರದಲ್ಲ, ನೆಟ್ಟಗೆ ನಡೀಬೇಕಲ್ಲ. ಹೇಳಲಿಲ್ಲ."

ಅಷ್ಟು ಕೇಳಿದ್ದೇ ಸಣ್ಣೀರವ್ವನಿಗೆ ಎಲ್ಲ ತಿಳೀತು. ಮಗ ಅಂಕಮ್ಮನ ಗಂಟು ಕಟ್ಟಿದ್ದು ಸಾವಂತ್ರವ್ವನ ಸೀರೇಲಿ. ಆ ಗುರುತು ಅವರ ಕೈ ಸೇರಿದೆ. ಗುರುತು ಹಿಡಿದು ಅವರು ಎಳೀತಿದಾರೆ. ಯಾವ ಮನೆ ಅಂತ ಗೊತ್ತಾದ ಕೂಡಲೇ ಬರ್ತಾರೆ. ಬಂದ್ರೆ ಎರಡು ಜೀವ.

ಆ ರಾತ್ರಿ ಅವಳು ಕಣ್ಣು ಮುಚ್ಚಲಿಲ್ಲ. ಬೆಳಗ್ಗೆ ತಾನೇ ಹೋಗೋಣ ಅಂತ ಎದ್ದಳು. ಹಳ್ಳದವರೆಗೂ ಮಗನ ಭುಜ ಹಿಡಿದು ಹೋದಳು. ನೀರಿಗೆ ಕಾಲಿಡೋಕೆ ಹೋದ್ರೆ ಮಂಡಿ ಕುಸೀತು. ಎತ್ತಿ ನಿಲ್ಲಿಸಿದರೆ ಇನ್ನೊಂದು ಸಲ ಕುಸೀತು. ಕಾಲು ಅವಳ ಮಾತು ಕೇಳಲೇ ಇಲ್ಲ. ದ್ಯಾವ ಅವಳನ್ನ ಕೂಸಿನ ಹಂಗೆ ಎತ್ತಿಕೊಂಡು ಬಂದು ಮನೇಲಿ ಕೂರಿಸಿದ.

ಸಣ್ಣೀರವ್ವ ಮಗನ ಕೈ ಹಿಡ್ಕೊಂಡಳು. ಬೈಯಲಿಲ್ಲ. ಹಣೆ ಬಡ್ಕೊಳ್ಳಲಿಲ್ಲ.

"ದ್ಯಾವಾ, ಚಿನ್ನಾ, ಇದೊಂದು ಮಾತು ಸರಿಯಾಗಿ ಕೇಳು. ಆ ಹಸಿರು ಸೀರೆ ಬಿಡಿಸ್ಕೊಂಡು ಬಾ. ಬಿಡೋಲ್ಲ ಅಂದ್ರೆ ಗುರುತಾದ್ರೂ ಬದಲಾಯಿಸಿ ಬಾ. ಕರಿಗೇರು ತಗೊಂಡು ಹೋಗು, ಸೂಜಿ ತಗೊಂಡು ಹೋಗು. ಗೌಡರ ಗುರುತು ಅಲ್ಲಿ ಇರಕೂಡದು. ಗಾಣದೋರದು ಹಾಕಿ ಬಂದುಬಿಟ್ಟೀಯ, ಪೂಜಾರರದು ಹಾಕಿ ಬಂದುಬಿಟ್ಟೀಯ! ನಾನು ಹೇಳಿಕೊಟ್ಟಿರೋ ಯಾವ ಗುರುತೂ ಆಗಬಾರದು. ತಿಳೀತಾ? ಕೆಲಸ ಮುಗಿಸಿ, ತಿರುಗಿ, ಬಂದ ದಾರೀಲೇ ಮನೆಗೆ ಬಾ. ತಿರುಗಬಹುದು ಕಣೋ, ತಿರುಗು!"

"ನೀನು ಹೇಳಿಕೊಟ್ಟಿರೋ ಯಾವ ಗುರುತೂ ಆಗಬಾರದು. ತಿರುಗಬಹುದು. ಆಯ್ತು ಕಣವ್ವ."

ಬಾಯಲ್ಲಿ ಅದನ್ನೇ ಹೇಳ್ಕೊತಾ ಹೋದ. "ಯಾವ ಗುರುತೂ ಆಗಬಾರದು, ತಿರುಗಬಹುದು. ಯಾವ ಗುರುತೂ ಆಗಬಾರದು, ತಿರುಗಬಹುದು." ಹಳ್ಳದ ಇಳಿಜಾರಲ್ಲಿ ಆ ದನಿ ಸಣ್ಣಗಾಯಿತು. ಆಮೇಲೆ ಕೇಳಲಿಲ್ಲ.

ಸಣ್ಣೀರವ್ವ ಒಳಗೆ ಗೋಡೆಗೆ ಒರಗಿ ಕೂತಳು. ಕಣ್ಣಿಗೆ ಕಾಣ್ತಿದ್ದದ್ದು ಬಾಗಿಲಿನ ಬೆಳಕೊಂದೇ. ಆ ಬೆಳಕನ್ನೇ ನೋಡ್ತಾ ಕೂತಳು. ಹೊರಗೆ ಕೋಳಿ ಕೆದಕೋ ಸದ್ದು. ಅದೂ ನಿಂತಿತು. ಮಧ್ಯಾಹ್ನ ಊರ ಮೇಲೆ ಭಾರವಾಗಿ ಕೂತ್ಕೊಂಡಿತು. ಹಗ್ಗದ ಮೇಲಿನ ಪಂಚೆ ಗಾಳಿ ಇಲ್ಲದೆ ಒಂದು ಸಲ ಪಟಪಟ ಅಂದು ಸುಮ್ಮನಾಯಿತು.

ಬೆಳಕು ಹಳದಿಗೆ ತಿರುಗೋ ಹೊತ್ತಿಗೆ ಬಸಕ್ಕ ಓಡಿಬಂದಳು. ಅಳ್ತಿದ್ದಳೋ ನಗ್ತಿದ್ದಳೋ.

"ಸಣ್ಣೀರಕ್ಕಾ! ಎದ್ದು ಕೂತರು ಕಣಕ್ಕಾ! 'ಸೆರಗು ಬಿಟ್ರು' ಅಂದರು, ಹಂಗೇ ಎದ್ದು ಕೂತರು. ಮೈ ಬೆಚ್ಚಗಾಗಿದೆ. ಗಂಜಿ ಕೇಳಿ ಕುಡಿದ್ರು. ಕೂಸು ಒದೀತಿದೆ ಅಂತ ನನ್ನ ಕೈ ತಗೊಂಡು ಹೊಟ್ಟೆ ಮೇಲೆ ಇಟ್ಕೊಂಡ್ರು!"

ಬಸಕ್ಕ ಬಂದ ಹಾಗೇ ಓಡಿಹೋದಳು. ಸಣ್ಣೀರವ್ವ ನೆಲಕ್ಕೆ ಹಣೆ ಹಚ್ಚಿದಳು. ಅಳು ಬಂತು. ಆ ಮಗನ್ನ ಹೆತ್ತಾಗಿನಿಂದ ಅವತ್ತೊಂದು ದಿನ ಅವಳ ಎದೆ ಉಬ್ಬಿತು. ನನ್ನ ಮಗ ಪೆದ್ದನಲ್ಲ. ಹೇಳೋ ಹಂಗೆ ಹೇಳಿದ್ರೆ ಮಾಡ್ತಾನೆ. ನಾನೇ ಸರಿಯಾಗಿ ಹೇಳ್ತಿರಲಿಲ್ಲ. ಬರಲಿ, ಬಿಸಿ ಮುದ್ದೆ ಮಾಡಿ ತುಪ್ಪ ಹಾಕಿ ಕೊಡ್ತೀನಿ ಅಂದ್ಕೊಂಡು ಒಲೆ ಹಚ್ಚಿದಳು.

ಹಳ್ಳದ ಕಡೆಯಿಂದ ಹೆಜ್ಜೆ ಸಪ್ಪಳ ಬಂತು. ಸಣ್ಣೀರವ್ವ ಕಿವಿ ಕೊಟ್ಟಳು. ಒಬ್ಬನ ಹೆಜ್ಜೆಯಲ್ಲ. ಬಹಳ ಜನ ಬರಿಗಾಲಲ್ಲಿ ಮೆತ್ತಗೆ ನಡೆದು ಬರೋ ಸಪ್ಪಳ. ನಡುವೆ ಪುಟ್ಟ ಪುಟ್ಟ ಹೆಜ್ಜೆ ಓಡಿ ಓಡಿ ಸೇರ್ಕೊಳ್ಳೋ ಸಪ್ಪಳ. ಎದ್ದು ಬಾಗಿಲ ಕಡೆ ತಿರುಗಿದಳು. ಇಳಿಬಿಸಿಲು ಹೊಸ್ತಿಲ ಮೇಲೆ ಬಿದ್ದಿತ್ತು. ಆ ಬಿಸಿಲಿಗೆ ಅಡ್ಡವಾಗಿ ಬಂದದ್ದು ಒಂದೇ ನೆರಳು, ಮಗನದು.

"ಅವ್ವಾ, ಮಾಡ್ದೆ ಕಣವ್ವ!" ಅಂದ ದ್ಯಾವ. "ಸೀರೆ ಬಿಡಲಿಲ್ಲ. ಗುರುತು ಬದಲಾಯಿಸಿದೆ."

"ಯಾವ... ಯಾವ ಗುರುತು ಹಾ‌ಕಿದೆಯೋ?"

"ನೀನು ಹೇಳಿಕೊಟ್ಟಿರೋ ಯಾವುದೂ ಆಗಬಾರದಲ್ಲ. ಕೂತು ಯೋಚನೆ ಮಾಡ್ದೆ. ನೀನು ಗುರುತು ಹೇಳಿಕೊಡದೆ ಇರೋ ಮನೆ ಊರಲ್ಲಿ ಯಾವುದು? ನಮ್ಮದೊಂದೇ! ಮೂರು ಚುಕ್ಕಿಗೂ ಗೀಟು ಎಳೆದು ಸೇರಿಸಿದೆ. ಮೂರು ಮೂಲೆ ಆಯ್ತು, ಥೇಟು ನಮ್ಮ ಒಗೆಯೋ ಕಲ್ಲು! 'ಇದು ಯಾವ ಮನೆ?' ಅಂತ ಕೇಳಿದ್ರು. 'ನಮ್ಮನೆ' ಅಂದೆ. ಅವರಿಗೆ ಬಹಳ ಸಂತೋಷ ಆಯ್ತು ಕಣವ್ವ. ಉಳಿದೋರೂ ಸೆರಗು ಮುಂದೆ ಮಾಡಿದ್ರು. ಒಬ್ಬರಿಗೆ ಹಾಕಿ ಇನ್ನೊಬ್ಬರಿಗೆ ಬಿಡೋದು ಚೆನ್ನಾಗಿರಲ್ಲ ಅಂತ ಎಲ್ಲರ ಸುನ್ನೆ ಮೇಲೂ ಅದನ್ನೇ ಬರೆದೆ. ಕುಲಾವಿಗೂ ಬರೆದೆ."

ಸಣ್ಣೀರವ್ವ ಗೋಡೆ ಹಿಡಿದು ಹಿಂದಕ್ಕೆ ಸರಿದಳು. ಮಗನ ಹಿಂದೆ, ಹೊಸ್ತಿಲಾಚೆ, ಯಾರೋ ಮೆಲ್ಲಗೆ ಗಂಟಲು ಸರಿ ಮಾಡ್ಕೊಂಡರು, ನೆಂಟರ ಮನೆ ಮುಂದೆ ನಿಂತೋರು ಮಾಡೋ ಹಾಗೆ.

"ಬಾಗಿಲು ಹಾಕೋ!" ಸಣ್ಣೀರವ್ವ ಕೂಗಿದಳು. "ಬಾಗಿಲು ಹಾಕೋ ದ್ಯಾವಾ, ಬೇಗ ಬಾಗಿಲು ಹಾಕೋ!"

"ಆಯ್ತು ಕಣವ್ವ."

ಅವಳು ಕಾದಳು. ಬಾಗಿಲು ಮುಚ್ಚೋ ಸದ್ದು ಬರಲಿಲ್ಲ. ಅಗೆದ ಮಣ್ಣಿನ ವಾಸನೆ ಬಂತು. ಕೆನ್ನೆ ಪಕ್ಕದಲ್ಲಿ ತಣ್ಣನೆಯದೊಂದು ಹಾದುಹೋಯಿತು. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಇನ್ನೊಂದು. ಒಲೆಯ ಉರಿ ಒಂದು ಸಲ ನೆಲಕ್ಕೆ ಬಗ್ಗಿ ಎದ್ದಿತು. ಗೋಡೆ ಪಕ್ಕದಲ್ಲಿ ಸೀರೆಗಳ ಸರಪರ ಸದ್ದಾಯಿತು, ಜನ ಸಾಲಾಗಿ ಕೂತ್ಕೊಳ್ಳೋವಾಗ ಆಗೋ ಸದ್ದು. ಏನೋ ಪುಟ್ಟದು ಅವಳ ಮಂಡಿ ತಬ್ಬಿ ನಿಂತಿತು.

ಆಮೇಲೆ ಬಾಗಿಲು ಕಿರ್ರ್ ಅಂತು. ಅಗುಳಿ ಬಿತ್ತು. ಬೆಳಕು ಹೋಯಿತು.

"ಹಾಕ್ದೆ ಕಣವ್ವ," ಅಂದ ದ್ಯಾವ, ಕೈ ಝಾಡಿಸ್ಕೊಂಡು. "ಯಾರೂ ಹೊರಗೆ ಉಳೀಲಿಲ್ಲ. ಕೊನೆಯೋರು ಒಳಗೆ ಬರೋವರೆಗೂ ಹಿಡ್ಕೊಂಡೇ ನಿಂತಿದ್ದೆ."